ಹೊನಲು ಬೆಳಕಿನ ಕಬಡ್ಡಿ: ಹೊಸ ರಸಿಕರಿಗೊಂದು ಕೈಪಿಡಿ

ಭತ್ತದ ಕೊಯ್ಲು ಮುಗಿದು ಗದ್ದೆಯ ಮಣ್ಣು ಗಟ್ಟಿಯಾಯಿತೆಂದರೆ ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ 66ರ ಬದಿಯಲ್ಲಿ ಬ್ಯಾನರುಗಳು ಏಳುತ್ತವೆ: ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಅಲ್ಲಿಂದ ಮಳೆಗಾಲ ಹಿಡಿಯುವವರೆಗೆ ಶನಿವಾರ ಬಂತೆಂದರೆ ಮುರ್ಡೇಶ್ವರ, ಮಂಕಿ, ಕಾಸರಕೋಡು, ಹಳದೀಪುರ, ಧಾರೇಶ್ವರದ ಕಡೆ ಎಲ್ಲಾದರೂ ಒಂದು ಅಂಕಣ ಸಿದ್ಧವಾಗಿರುತ್ತದೆ. ದೋಣಿ ಬಿಟ್ಟು ಬಂದವರು, ಅಂಗಡಿ ಮುಚ್ಚಿ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ಎಲ್ಲ ಸೇರುತ್ತಾರೆ. ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲೂ ವಾದ ನಡೆಯುತ್ತದೆ. ಬ್ಯಾಂಕಿಗೋ ಶಾಲೆಗೋ ವರ್ಗವಾಗಿ ಈ ಕಡೆ ಬಂದವರು, ಮದುವೆಯಾಗಿ ಬಂದವರು, ಟಿವಿಯಲ್ಲಷ್ಟೇ ಆಟ ನೋಡಿದವರು ಈ ವಾದದ ನಡುವೆ ಕೂತು ಕಂಗಾಲಾಗುವುದನ್ನು ನಾನು ತುಂಬ ಸಲ ನೋಡಿದ್ದೇನೆ. ಆಟ ಅರ್ಥವಾಗುತ್ತದೆ, ವಾದ ಅರ್ಥವಾಗುವುದಿಲ್ಲ. ಈ ಬರಹ ಅಂಥವರಿಗೆ.

ಮೊದಲು ಎಲ್ಲಿ ಕೂರಬೇಕು ಎಂಬುದು. ಹೊಸಬರು ನಡುಗೆರೆಯ ನೇರಕ್ಕೆ ಜಾಗ ಹುಡುಕುತ್ತಾರೆ. ಅಲ್ಲಿ ರೇಡರ್‌ನ ಬೆನ್ನು ಚೆನ್ನಾಗಿ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಒಂದು ತಂಡದ ಹಿಂದಿನ ಗೆರೆಯ ಮೂಲೆಯಲ್ಲಿ, ಸ್ವಲ್ಪ ಎತ್ತರದಲ್ಲಿ ಕೂರಿ. ಗದ್ದೆಯ ಅಂಚಾದರೂ ಸಾಕು. ಆಗ ಏಳು ಜನರ ಸಾಲು ಹೇಗೆ ಬಾಗುತ್ತದೆ, ಯಾರು ಯಾರ ಕೈ ಹಿಡಿದಿದ್ದಾರೆ, ಯಾರ ಕೈ ಬಿಟ್ಟುಹೋಯಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಕಬಡ್ಡಿಯಲ್ಲಿ ಚಪ್ಪಾಳೆ ರೇಡರ್‌ಗೆ ಸಿಗುತ್ತದೆ. ಆದರೆ ಪಂದ್ಯ ತಿರುಗುವುದು ಹೆಚ್ಚಾಗಿ ಹಿಡಿಯುವವರ ಕಾಲಬುಡದಲ್ಲಿ. ಇದನ್ನು ಒಪ್ಪಿಕೊಂಡವರಿಗೆ ಅರ್ಧ ಆಟ ಬಂದ ಹಾಗೆ.

ಅಳತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ. ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಗೆರೆ. 20 ನಿಮಿಷದ ಎರಡು ಅವಧಿ, ಒಂದು ರೇಡಿಗೆ 30 ಸೆಕೆಂಡು. ಊರಿನ ಪಂದ್ಯಾವಳಿಗಳಲ್ಲಿ ತಂಡಗಳು ಹೆಚ್ಚು, ರಾತ್ರಿ ಒಂದೇ. ಹಾಗಾಗಿ ಅವಧಿಯನ್ನು ಮೊಟಕು ಮಾಡುವುದುಂಟು.

ಸಾಲಿನ ಎರಡು ತುದಿಯಲ್ಲಿ ನಿಂತವರು ಕಾರ್ನರ್‌ಗಳು. ಅವರ ಪಕ್ಕ ಇನ್‌ಗಳು, ಒಳಗೆ ಕವರ್‌ಗಳು, ನಡುವೆ ಸೆಂಟರ್. ಕಾರ್ನರ್‌ನ ಕಸುಬು ಕಾಲು ಹಿಡಿಯುವುದು; ಕವರ್‌ನ ಕಸುಬು ಓಡಿಬರುವವನಿಗೆ ಅಡ್ಡ ನಿಂತು ತಡೆಯುವುದು, ಇಲ್ಲವೇ ಡ್ಯಾಶ್ ಕೊಟ್ಟು ಗೆರೆಯಾಚೆ ತಳ್ಳುವುದು. ಒಬ್ಬ ಒಳ್ಳೆಯ ಲೆಫ್ಟ್ ಕಾರ್ನರ್‌ನನ್ನು ಐದು ನಿಮಿಷ ಬಿಡದೆ ನೋಡಿ. ಎದುರಾಳಿ ರೇಡರ್ ಬೋನಸ್ ಗೆರೆಯ ಹತ್ತಿರ ಬಂದು ಕಾಲು ಆಡಿಸುತ್ತಿರುತ್ತಾನೆ. ಬೋನಸ್ ಸಿಗಬೇಕಾದರೆ ಅವನ ಒಂದು ಪಾದ ಗೆರೆಯಾಚೆ ನೆಲ ಮುಟ್ಟಬೇಕು, ಆ ಹೊತ್ತಿಗೆ ಹಿಂದಿನ ಕಾಲು ನೆಲದಿಂದ ಎದ್ದಿರಬೇಕು. ಇಡೀ ದೇಹದ ಭಾರ ಒಂದೇ ಕಾಲಿನ ಮೇಲೆ ನಿಂತಿರುವ ಆ ಕ್ಷಣವನ್ನೇ ಕಾರ್ನರ್ ಕಾಯುತ್ತಿರುತ್ತಾನೆ. ಅವನ ಕಣ್ಣು ರೇಡರ್‌ನ ಮುಖದ ಮೇಲಿರುವುದಿಲ್ಲ, ಸೊಂಟದ ಮೇಲಿರುತ್ತದೆ. ಮುಖ ಮೋಸ ಮಾಡಬಹುದು, ಸೊಂಟಕ್ಕೆ ಅಷ್ಟು ಬೇಗ ದಿಕ್ಕು ಬದಲಿಸಲು ಬರುವುದಿಲ್ಲ. ಮೊಣಕಾಲು ಬಗ್ಗಿ, ಬೆರಳುಗಳು ನೆಲಕ್ಕೆ ಹತ್ತಿರವಾಗಿ, ಹಿಮ್ಮಡಿ ಎತ್ತಿ ನಿಂತಿರುತ್ತಾನೆ. ಪಾದ ಊರಿದ ಕೂಡಲೇ ಮುಂದಕ್ಕೆ ಬಿದ್ದು ಎರಡೂ ಕೈಯಲ್ಲಿ ಹರಡನ್ನು ಕಟ್ಟಿ, ತನ್ನ ಎದೆಗೆ ಎಳೆದುಕೊಂಡು ಹಿಂದಕ್ಕೆ ಉರುಳುತ್ತಾನೆ. ಅರ್ಧ ಸೆಕೆಂಡು ಮುಂಚೆ ಹೋದರೆ ರೇಡರ್ ಮುಟ್ಟಿಕೊಂಡು ಜಿಗಿಯುತ್ತಾನೆ, ತಡವಾದರೆ ಬೋನಸ್ ತೆಗೆದುಕೊಂಡು ಹೊರಟೇ ಹೋಗುತ್ತಾನೆ. ಹಿಡಿತ ಬಿದ್ದ ಮೇಲೂ ಪಕ್ಕದ ಕವರ್ ಬಂದು ಮೇಲೆ ಬೀಳದಿದ್ದರೆ ಬಲವಾದ ರೇಡರ್ ಕಾರ್ನರ್‌ನನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಹಾಗಾಗಿ "ಕಾರ್ನರ್ ಹಿಡಿದ" ಎಂದು ಹೊಗಳುವಾಗ ಓಡಿಬಂದ ಕವರ್ ಯಾರೆಂದು ನೋಡಿಡಿ.

ಇನ್ನು ಲೆಕ್ಕ. ವಾದದ ಮುಕ್ಕಾಲು ಪಾಲು ಇದರ ಮೇಲೇ. ಅಂಕಣದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಬೆರಳಲ್ಲಿ ಎಣಿಸುತ್ತಲೇ ಇರಬೇಕು. ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಎಲ್ಲರೂ ಹೊರಗೆ ಹೋದರೆ ಆಲ್ ಔಟ್: ಎದುರಾಳಿಗೆ ಹೆಚ್ಚುವರಿ ಎರಡು ಅಂಕ, ಆದರೆ ಏಳೂ ಜನ ವಾಪಸು ಬರುತ್ತಾರೆ. ಎರಡು ರೇಡ್ ಸತತವಾಗಿ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಅದರಲ್ಲಿ ಅಂಕ ತರದಿದ್ದರೆ ರೇಡರ್ ಔಟ್. ಮುಟ್ಟಿ ಅಥವಾ ಹಿಡಿದು ಔಟ್ ಮಾಡಿದ ಪ್ರತಿ ಎದುರಾಳಿಗೂ ಹೊರಗೆ ಕೂತ ಒಬ್ಬೊಬ್ಬ ಒಳಗೆ ಬರುತ್ತಾನೆ. ಬೋನಸ್ ಅಂಕಕ್ಕೆ ಯಾರೂ ಬರುವುದಿಲ್ಲ.

ಈ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆಟದ ಬುದ್ಧಿ ಕಾಣುತ್ತದೆ. ಒಂದು ಸಂದರ್ಭ ತೆಗೆದುಕೊಳ್ಳಿ. ನಮ್ಮ ತಂಡ 18–20ರಿಂದ ಹಿಂದಿದೆ, ಐದು ನಿಮಿಷ ಉಳಿದಿದೆ, ಅಂಕಣದಲ್ಲಿ ಇಬ್ಬರೇ ಇದ್ದಾರೆ, ಮುಖ್ಯ ರೇಡರ್ ಹೊರಗೆ ಕೂತಿದ್ದಾನೆ. ಎದುರಾಳಿ ಅವಸರ ಮಾಡುವುದಿಲ್ಲ. ದಾಟಲೇಬೇಕಾದ ಬಾಕ್ ಲೈನ್ ಮಾತ್ರ ದಾಟಿ, ದೂರದಲ್ಲೇ ನಿಂತು, 30 ಸೆಕೆಂಡು ಕಳೆದು ಹೋಗುತ್ತಾನೆ. ಮುಟ್ಟಿದರೆ ಆಲ್ ಔಟ್ ಹತ್ತಿರವಾಗಿ ನಮ್ಮ ರೇಡರ್ ವಾಪಸು ಬರುತ್ತಾನೆಂದು ಅವನಿಗೆ ಗೊತ್ತು. ಹೊಸಬರಿಗೆ ಇದು ಹೇಡಿತನದಂತೆ ಕಾಣುತ್ತದೆ. ಪಕ್ಕದಲ್ಲಿ ಕೂತ ಹಳೆಯ ಆಟಗಾರರಿಗೆ ಇದರಲ್ಲೇ ರಸ.

"ಅಣ್ಣಾ, ಇವ್ರು ಸುಮ್ನೆ ಆಲ್ ಔಟ್ ಆಗ್ಬಿಟ್ರೆ ಒಳ್ಳೇದಲ್ವಾ?" ಎಂದು ಹುಡುಗನೊಬ್ಬ ಕೇಳುತ್ತಾನೆ.

"ತಡಿ ತಮಾ, ಎಷ್ಟು ಅಂಕ ಹೋಗ್ತದೆ ಲೆಕ್ಕ ಹಾಕು. ಇಬ್ಬರಿಗೆ ಎರಡು, ಮೇಲೆ ಎರಡು. ಇಪ್ಪತ್ನಾಕು ಆಯ್ತು ಅವರದು. ಅದೇ ಒಂದು ಸೂಪರ್ ಟ್ಯಾಕಲ್ ಬಿದ್ರೆ ಸಮ."

ಇಬ್ಬರ ಮಾತೂ ಸರಿ. ಐದು ನಿಮಿಷ ಉಳಿದಿರುವಾಗ ನಾಲ್ಕು ಅಂಕ ಬಿಟ್ಟುಕೊಟ್ಟು ಏಳು ಜನರನ್ನು ಪಡೆಯುವುದು ಲಾಭವೋ, ಸೂಪರ್ ಟ್ಯಾಕಲಿಗೆ ಕಾಯುವುದೋ ಎಂಬುದು ಉಳಿದ ಇಬ್ಬರು ಯಾರು ಎಂಬುದರ ಮೇಲೆ ನಿಂತಿದೆ. ಇಬ್ಬರೂ ಕಾರ್ನರ್‌ಗಳಾದರೆ ನಾನು ಕಾಯುವ ಪಕ್ಷ. ಒಬ್ಬ ರೇಡರ್, ಒಬ್ಬ ಕವರ್ ಆದರೆ ಬೇಗ ಆಲ್ ಔಟ್ ಆಗಿ ಹೊಸದಾಗಿ ಶುರು ಮಾಡುವುದೇ ಮೇಲು. ಇನ್ನೊಬ್ಬರು ಇದಕ್ಕೆ ವಿರುದ್ಧ ಹೇಳಬಹುದು. ಕಾರಣ ಕೊಟ್ಟು ಹೇಳಿದರೆ ಅದೂ ಒಪ್ಪುವ ಮಾತೇ.

ಟಿವಿ ಮುಂದೆ ನಡೆಯುವ ಚರ್ಚೆ ಬಹುಪಾಲು ಬೆಂಗಳೂರು ಬುಲ್ಸ್ ಸುತ್ತ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗಿನಿಂದ ಇರುವ ತಂಡ. 2015ರ ಫೈನಲ್‌ನಲ್ಲಿ ಯು ಮುಂಬಾ ಎದುರು ಸೋತಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಆರನೇ ಆವೃತ್ತಿಯ ಕಪ್ ಗೆದ್ದಿತು. ಆ ಪಂದ್ಯ ಸಿಕ್ಕರೆ ಮತ್ತೆ ನೋಡಿ. ಮೊದಲ ಅವಧಿಯ ಕೊನೆಗೆ ಬುಲ್ಸ್ 9–16ರಿಂದ ಹಿಂದಿತ್ತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಮುಂದಿನ ಆವೃತ್ತಿಯಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ, ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ಅಂಕ. ಆದರೆ ಆ ಆವೃತ್ತಿಯಲ್ಲಿ ಬುಲ್ಸ್ ಸೆಮಿಫೈನಲ್ ದಾಟಲಿಲ್ಲ. ಒಬ್ಬ ರೇಡರ್ ಮೇಲೆ ತಂಡ ಕಟ್ಟುವುದು ಸರಿಯೇ ಎಂಬ ವಾದ ಆಗ ಹುಟ್ಟಿದ್ದು, ಇನ್ನೂ ಮುಗಿದಿಲ್ಲ.

2024ರ ಹನ್ನೊಂದನೇ ಆವೃತ್ತಿ ಆ ವಾದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಿತು. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಅಂಕ ಗಳಿಸಿದ ಪರ್ದೀಪ್ ನರ್ವಾಲ್ ನಾಯಕ, ಸೌರಭ್ ನಂದಾಲ್‌ನಂಥ ಒಳ್ಳೆಯ ರೈಟ್ ಕಾರ್ನರ್ ಜೊತೆಗೆ. ಹಾಗಿದ್ದೂ 22 ಪಂದ್ಯಗಳಲ್ಲಿ ಎರಡೇ ಗೆಲುವು, ಕೊನೆಯ ಸ್ಥಾನ. ಆಗ ನಮ್ಮ ಕಡೆ ಅನೇಕರು ಪರ್ದೀಪ್‌ಗೆ ವಯಸ್ಸಾಯಿತು ಎಂದು ಸುಮ್ಮನಾದರು. ನನಗೆ ಅದು ಪೂರ್ತಿ ಉತ್ತರ ಅನಿಸುವುದಿಲ್ಲ. ರೇಡಿನಲ್ಲಿ ಅಂಕ ಬರದಿದ್ದರೆ ಹೊರಗೆ ಹೋದ ಡಿಫೆಂಡರ್ ಒಳಗೆ ಬರುವುದಿಲ್ಲ. ಡಿಫೆಂಡರ್ ಇಲ್ಲದ ಸಾಲು ಹಿಡಿಯಲಾರದು. ಹಿಡಿಯದಿದ್ದರೆ ರೇಡರ್ ವಾಪಸು ಬರುವುದಿಲ್ಲ. ಮೂರ್ನಾಲ್ಕು ಜನರ ಸಾಲಿನಲ್ಲೇ ಪಂದ್ಯ ಕಳೆಯುವ ಕಾರ್ನರ್ ಎಷ್ಟೇ ಗಟ್ಟಿಗನಾದರೂ ತಾಳ್ಮೆ ಕಳೆದುಕೊಂಡು ಮುಂಚೆಯೇ ಬೀಳುತ್ತಾನೆ. ಹನ್ನೆರಡನೇ ಆವೃತ್ತಿಗೆ ಕನ್ನಡಿಗ ಬಿ.ಸಿ. ರಮೇಶ್ ಅವರನ್ನು ಕೋಚ್ ಮಾಡಿದಾಗ ಇಲ್ಲಿ ಆಸೆ ಮತ್ತೆ ಚಿಗುರಿದ್ದಕ್ಕೆ ಕಾರಣವಿತ್ತು. ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಎರಡನ್ನೂ ಕಪ್ ಗೆಲ್ಲಿಸಿದವರು ಅವರು. ಒಂದು ತಂಡದ ಮುಂದಿನ ದಾರಿ ಹೇಗಿದೆಯೆಂದು ಅಳೆಯುವಾಗ ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಎಂಬುದನ್ನು ಬಿಡಿ. ಎರಡು ಕಾರ್ನರ್, ಎರಡು ಕವರ್ ಎಷ್ಟು ಕಾಲದಿಂದ ಒಟ್ಟಿಗೆ ಆಡುತ್ತಿದ್ದಾರೆ, ಎರಡನೇ ರೇಡರ್ ಯಾರು, ಮೂರನೇ ರೇಡಿಗೆ ಯಾರನ್ನು ಕಳಿಸುತ್ತಾರೆ ಎಂಬುದನ್ನು ಕೇಳಿ.

ನಿಯಮದ ವಾದವನ್ನೂ ಹಗುರವಾಗಿ ನೋಡಬೇಡಿ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ–ಇರಾನ್ 28–28ರಲ್ಲಿ ಸಮವಾಗಿದ್ದಾಗ, ಭಾರತದ ಪವನ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟ, ಬೆನ್ನಟ್ಟಿದ ಇರಾನಿನವರೂ ಲಾಬಿಗೆ ಬಂದರು. ಮುಟ್ಟುವ ಮುಂಚೆ ಲಾಬಿ ಅಂಕಣದ ಭಾಗವಲ್ಲ. ರೇಡರ್ ಒಬ್ಬನೇ ಔಟೋ, ಹಿಂದೆ ಬಂದವರೂ ಔಟೋ? ಹಳೆಯ ನಿಯಮ ಒಂದು ಹೇಳಿತು, ಹೊಸದು ಇನ್ನೊಂದು. ಆಟ ಸುಮಾರು ಒಂದು ಗಂಟೆ ನಿಂತು, ಕೊನೆಗೆ ಭಾರತ 33–29ರಿಂದ ಗೆದ್ದಿತು. ನಾವು ಗೆದ್ದೆವು ಎಂಬ ಸಂತೋಷ ನನಗೂ ಇದೆ. ಆದರೂ ಅಂಥ ಫೈನಲ್‌ಗೆ ಯಾವ ನಿಯಮ ಎಂಬುದು ಮೊದಲೇ ಎಲ್ಲರಿಗೂ ಸ್ಪಷ್ಟವಿರಬೇಕಿತ್ತು. ಇರಾನಿನ ಹುಡುಗರ ಸಿಟ್ಟಿನಲ್ಲಿ ಹುರುಳಿತ್ತು. ನಮ್ಮೂರ ಪಂದ್ಯಾವಳಿಗೂ ಈ ಮಾತು ಸಲ್ಲುತ್ತದೆ. ಮೊದಲ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ನಿಯಮ ಓದುವಾಗ ಗಮನವಿಟ್ಟು ಕೇಳಿ. ತೂಕದ ಮಿತಿ ಎಷ್ಟು, ಲಾಬಿಗೆ ಯಾವ ನಿಯಮ, ಹೊರಗಿನ ಆಟಗಾರರು ಎಷ್ಟು ಜನ ಆಡಬಹುದು ಎಂಬುದೆಲ್ಲ ಆಗಲೇ ಹೇಳಿಬಿಡುತ್ತಾರೆ.

ಮಣ್ಣೋ ಮ್ಯಾಟೋ ಎಂಬುದೂ ತಂತ್ರ ಬದಲಿಸುತ್ತದೆ. ಮಣ್ಣಿನಲ್ಲಿ ಬರಿಗಾಲು, ಜಾರಿಕೊಂಡು ಹೋಗಿ ಟೋ ಟಚ್ ಮಾಡುವುದು ಸುಲಭ, ಬೆವರಿಗೆ ಧೂಳು ಅಂಟಿದ ಹರಡು ಕೈಗೆ ಗಟ್ಟಿ ಸಿಗುತ್ತದೆ. ಮ್ಯಾಟಿನಲ್ಲಿ ಶೂ ಹಿಡಿತ ಕೊಡುತ್ತದೆ, ರೇಡರ್ ಥಟ್ಟನೆ ತಿರುಗಬಲ್ಲ, ಓಟದ ವೇಗ ಹೆಚ್ಚು, ಡ್ಯಾಶ್ ಹೆಚ್ಚು ಪೆಟ್ಟಾಗಿ ಬೀಳುತ್ತದೆ. ಮಣ್ಣಿನಲ್ಲಿ ಹುಲಿಯಾಗಿದ್ದ ತಂಡ ಕುಮಟಾದ ಮಣಕಿ ಮೈದಾನದಂಥ ಕಡೆ ಮ್ಯಾಟ್ ಹಾಸಿದಾಗ ಮೊದಲ ಸುತ್ತಿನಲ್ಲೇ ಎಡವಿದರೆ ಆಟಗಾರರ ಮನಸ್ಸು ಸರಿಯಿರಲಿಲ್ಲ ಎಂದು ಬೈಯುವ ಮುಂಚೆ ಅವರ ಅಭ್ಯಾಸ ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ.

ಊರಿನ ತಂಡ ಕಪ್ ಎತ್ತುತ್ತದೋ ಇಲ್ಲವೋ ಎಂದು ಊಹಿಸುವವರು ಮರೆಯುವ ಇನ್ನೊಂದು ಸಂಗತಿ ಹೊತ್ತು. ನಾಕೌಟ್ ಪಂದ್ಯಾವಳಿಯಲ್ಲಿ ಸೆಮಿಫೈನಲ್ ಬರುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಸಂಜೆಯಿಂದ ಆಡಿದ ಕಾಲುಗಳು ಭಾರವಾಗಿರುತ್ತವೆ, ಇಬ್ಬನಿಗೆ ಅಂಕಣದ ಮಣ್ಣು ತಣ್ಣಗಾಗಿರುತ್ತದೆ. ಹೊರಗಿನಿಂದ ಕರೆಸಿದ ಒಬ್ಬ ಹೆಸರುವಾಸಿ ರೇಡರ್ ಮೊದಲ ಎರಡು ಪಂದ್ಯ ಗೆಲ್ಲಿಸಿಕೊಡಬಹುದು. ಆ ಹೊತ್ತಿನಲ್ಲಿ ಮಾತ್ರ ಒಂದೇ ಕೇರಿಯಲ್ಲಿ ಬೆಳೆದು, ಕಣ್ಣಸನ್ನೆಯಲ್ಲೇ ಕೈ ಕೈ ಹಿಡಿದ ಚೈನ್ ಬಿಗಿಯುವ ಹುಡುಗರ ತಂಡದ ಮೇಲೆಯೇ ನನ್ನ ನಂಬಿಕೆ.

ಹೆಂಗಸರ ಕಬಡ್ಡಿಯನ್ನು ತಪ್ಪದೆ ನೋಡಿ. ಅಂಕಣ ಚಿಕ್ಕದು, 12 ಮೀಟರಿಗೆ 8 ಮೀಟರ್. ಚೈನ್ ಬೇಗ ಮುಚ್ಚುತ್ತದೆ, ಹಾಗಾಗಿ ರೇಡರ್‌ಗೆ ಇನ್ನೂ ಚುರುಕು ಬೇಕು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕಾರ್ಕಳ ತಾಲೂಕಿನ ಮಮತಾ ಪೂಜಾರಿ, ನಮ್ಮದೇ ಕರಾವಳಿಯವರು. ಇಲ್ಲಿ ಹೆಣ್ಣುಮಕ್ಕಳ ಪಂದ್ಯವನ್ನು ಪ್ರದರ್ಶನ ಪಂದ್ಯವೆಂದು ಒಂದೇ ಆಟಕ್ಕೆ ಮುಗಿಸುವ ರೂಢಿ ಕಂಡಾಗ ನನಗೆ ಬೇಸರವಾಗುತ್ತದೆ. ಸಂಘಟಕರ ಹತ್ತಿರ ಇದನ್ನು ಕೇಳಿ, ಜೋರಾಗಿಯೇ ಕೇಳಿ.

ವಾದಕ್ಕೆ ಇಳಿಯುವಾಗ ರೆಫರಿಯನ್ನು ಬಿಟ್ಟುಬಿಡಿ. 30 ಸೆಕೆಂಡಿನಲ್ಲಿ ಅವರು ಕ್ಯಾಂಟ್, ಅಂದರೆ ರೇಡರ್ ಬಿಡದೆ ಹೇಳುವ "ಕಬಡ್ಡಿ", ನಿಂತಿತೇ ಎಂದು ಕಿವಿ ಕೊಡಬೇಕು, ಬೋನಸ್ ಗೆರೆ, ಲಾಬಿ, ಮುಟ್ಟಿದ್ದು ಎಲ್ಲ ನೋಡಬೇಕು. ಹಳ್ಳಿಯಲ್ಲಿ ಮರುಪರಿಶೀಲನೆಗೆ ಕ್ಯಾಮೆರಾ ಇಲ್ಲ. "ಯಾರು ಚಲೋ ಆಡ್ದ?" ಎಂಬ ಪ್ರಶ್ನೆಯನ್ನೂ ಬಿಡಿ. "ಆ ಮೂರನೇ ರೇಡಿಗೆ ರೈಟ್ ಕಾರ್ನರ್ ಯಾಕೆ ಅಷ್ಟು ಮುಂದೆ ಬಂದ?" ಎಂದು ಪಕ್ಕದವರನ್ನು ಕೇಳಿ. ಅವರು ಚಾದ ಲೋಟ ಕೆಳಗಿಟ್ಟು, ನೆಲದ ಮೇಲೆ ಕಡ್ಡಿಯಿಂದ ಅಂಕಣ ಬರೆದು, ಏಳು ಕಲ್ಲು ಜೋಡಿಸಿ ತೋರಿಸುತ್ತಾರೆ. ಹಿಂದೆ ಕೂತವರು ಬಗ್ಗಿ ಒಂದು ಕಲ್ಲನ್ನು ಸರಿಸಿ, ಅವನು ನಿಂತದ್ದು ಅಲ್ಲಲ್ಲ ಮಾರಾಯಾ, ಇಲ್ಲಿ ಎನ್ನುತ್ತಾರೆ. ನಿಮಗೆ ಕಂಡದ್ದು ಬೇರೆಯಾಗಿದ್ದರೆ ನೀವೂ ಒಂದು ಕಲ್ಲು ಸರಿಸಿ.