ಕಂಚಿಸಿಪ್ಪೆ ಮತ್ತು ದರಕಿನ ಮೂಲೆ

ಅಂಕೋಲೆಯ ಬೀದಿನಾಯಿಗಳು ಹೆಚ್ಚಾಗಿ ಭಾದ್ರಪದದ ಸುಮಾರಿಗೆ ಕೂಡಿ, 63 ದಿನ ಹೊತ್ತು, ಚಳಿ ಶುರುವಾಗುವಾಗ ಹೆರುತ್ತವೆ. ಆ ಮರಿಯನ್ನು ಜನವರಿಯಲ್ಲಿ ಮನೆಗೆ ತಂದರೆ ಜೂನ್ ಮಳೆ ಹಿಡಿಯುವಷ್ಟರಲ್ಲಿ ಏಳು ತಿಂಗಳಾಗಿರುತ್ತದೆ; ಮೂತ್ರ ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ, ಹಿತ್ತಿಲಲ್ಲಿ ತನ್ನ ಜಾಗ ಯಾವುದೆಂದು ತಿಳಿದಿರುತ್ತದೆ. ಈಗ ಲ್ಯಾಬ್, ಪಗ್ ಮರಿಗಳು ಹುಬ್ಬಳ್ಳಿಯಿಂದಲೋ ಗೋವೆಯಿಂದಲೋ ಆಷಾಢದ ನಡುವೆಯೇ ಬಂದಿಳಿಯುತ್ತವೆ. ಹೊರಗೆ ಜಡಿಮಳೆ, ಒಳಗೆ ಎಂಟು ವಾರದ ಮರಿ. ‘ಯಾವ ವಾಸನೆ ಇಟ್ಟರೆ ಒಳಗೆ ಉಚ್ಚೆ ಹೊಯ್ಯುವುದಿಲ್ಲ?’ ಎಂಬ ಪ್ರಶ್ನೆ ಮಳೆಗಾಲದಲ್ಲೇ ಹೆಚ್ಚು ಕೇಳಿಬರುವುದು ಅದಕ್ಕೇ.

ವಾಸನೆಗೆ ಶಕ್ತಿಯಿದೆ, ನಿಜ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಅರವತ್ತು ಲಕ್ಷದ ಆಸುಪಾಸು ಎನ್ನುತ್ತಾರೆ. ನಾಯಿಯಲ್ಲಿ ಅವು ಇಪ್ಪತ್ತು ಮೂವತ್ತು ಕೋಟಿ. ಅಂಥ ಮೂಗಿಗೆ ‘ಇಲ್ಲಿ ಬೇಡ’ ಎನ್ನುವ ವಾಸನೆಗಿಂತ ‘ಇಲ್ಲೇ’ ಎನ್ನುವ ವಾಸನೆ ಬಹಳ ಬಲವಾದದ್ದು. ನಿನ್ನೆ ಹೊಯ್ದ ಉಚ್ಚೆಯ ಗುರುತು ನೆಲದಲ್ಲಿ ಉಳಿದಿದ್ದರೆ ಅದರ ಮೇಲೆ ಏನು ಚಿಮುಕಿಸಿದರೂ ಮರಿ ಅಲ್ಲಿಗೇ ಬರುತ್ತದೆ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆಗುತ್ತದೆ. ಒಣಗಿದ ಲವಣಗಳು ಮಳೆಗಾಲದ ತೇವ ಹೀರಿ ಮತ್ತೆ ನಾರುತ್ತವೆ. ಸಗಣಿ ಸಾರಿಸಿದ ನೆಲವೂ ಬರಿಯ ಚಿರೆಕಲ್ಲಿನ ಜಗುಲಿಯೂ ಅದನ್ನು ಒಳಕ್ಕೇ ಎಳೆದುಕೊಳ್ಳುತ್ತವೆ.

ಆದ್ದರಿಂದ ಮೊದಲ ಕೆಲಸ ತೊಳೆಯುವುದು. ಒಣಬಟ್ಟೆಯಿಂದ ಒತ್ತಿ ಹೀರಿಸಿ, ಅರ್ಧ ನೀರು ಅರ್ಧ ವಿನೆಗರ್ ಬೆರೆಸಿ ಒರೆಸಿದರೆ ಅಮೋನಿಯಾ ಅಡಗುತ್ತದೆ. ನಮ್ಮ ಹಳೆಯ ಮನೆಗಳ ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ಮಾತ್ರ ಹುಳಿ ಸೋಕಿಸಬೇಡಿ, ಹೊಳಪು ಸಾಯುತ್ತದೆ. ಅಲ್ಲಿ ಅಂಟುವಾಳದ ನೊರೆಯಿಂದ ತಿಕ್ಕಿ ಎರಡು ಸಲ ನೀರು ಹಾಕಿ. ಪ್ರಾಣಿಗಳ ಮೂತ್ರಕ್ಕೆಂದೇ ಮಾರುವ ಎಂಜೈಮ್ ದ್ರಾವಣ ಎಲ್ಲಕ್ಕಿಂತ ಉತ್ತಮ. ಸುರಿದು ಹತ್ತು ಹದಿನೈದು ನಿಮಿಷ ನೆನೆಯಲು ಬಿಡಬೇಕು. ಫಿನೈಲ್ ಬೇಡ. ಅದರ ಘಾಟಿಗೆ ನಮಗೆ ನೆಲ ಶುದ್ಧವಾಯಿತು ಅನ್ನಿಸುತ್ತದೆ, ಅಷ್ಟೆ. ನೆಲ ನೆಕ್ಕುವ ಮರಿಗೆ ಅದು ವಿಷ.

ತೊಳೆದ ಮೇಲೆ ಕಂಚಿ. ಉಪ್ಪಿನಕಾಯಿಗೆ ಹೆಚ್ಚಿ ಉಳಿದ ದಪ್ಪ ಸಿಪ್ಪೆಯನ್ನು ಬೆರಳಲ್ಲಿ ಮಡಿಚಿದರೆ ಚಿಮ್ಮುವ ಎಣ್ಣೆಯಲ್ಲಿ ಲಿಮೊನೀನ್ ಇದೆ. ನಮಗೆ ಮೈಮನ ಅರಳಿಸುವ ಈ ಪರಿಮಳ ನಾಯಿಗೆ ಚುಚ್ಚುತ್ತದೆ. ಹೆಚ್ಚಿನ ಮರಿಗಳು ಮೂಗು ತಿರುಗಿಸಿ ಹೊರಟುಬಿಡುತ್ತವೆ. ಮಜ್ಜಿಗೆ ಹುಲ್ಲನ್ನು ಜಜ್ಜಿ ಕುದಿಸಿದ ನೀರಿಗೂ ಅದೇ ಗುಣ. ಇವೆರಡರಲ್ಲಿ ನನ್ನ ಒಲವು ಹುಲ್ಲಿನ ಕಡೆಗೆ: ಬಾವಿಕಟ್ಟೆಯ ಪಕ್ಕ ತಾನಾಗಿ ಬೆಳೆಯುತ್ತದೆ, ನೆಲಕ್ಕೆ ಅಂಟುವುದಿಲ್ಲ, ಮುಗ್ಗಲು ಹಿಡಿದ ಮನೆಗೂ ಹಿತ. ಕೆಲವು ತಾಸಿಗೆ ಗಂಧ ಹಾರಿಹೋಗುವುದರಿಂದ ದಿನಕ್ಕೆರಡು ಸಲ ಹಚ್ಚಬೇಕು. ಸಿಪ್ಪೆಯನ್ನಾದರೆ ಮರಿಯ ಬಾಯಿಗೆ ಸಿಗುವಂತೆ ಬಿಡಬಾರದು, ಹೊಟ್ಟೆ ಕೆಡುತ್ತದೆ.

‘ನೈಸರ್ಗಿಕ’ ಎಂಬ ಹೆಸರಲ್ಲಿ ಮನೆಮನೆಯಲ್ಲಿ ನಡೆಯುವ ಕೆಲವು ಪ್ರಯೋಗಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ನಾಯಿಯ ಹೊಟ್ಟೆಗೆ ಹೋದರೆ ನಡುಕ, ಫಿಟ್ಸ್ ಬರಬಹುದು. ನುಸಿಗುಳಿಗೆ ನುಂಗಿದರೆ ರಕ್ತಕಣಗಳೇ ಒಡೆಯುತ್ತವೆ. ಮೆಣಸಿನಪುಡಿ ಎರಚುವುದು ಹಿಂಸೆ. ಇನ್ನು ಗೇಟಿಗೆ ನೇತುಹಾಕುವ ನೀಲಿ ನೀರಿನ ಬಾಟಲಿ ಅಪಾಯವಿಲ್ಲದ್ದು, ಉಪಯೋಗವೂ ಇಲ್ಲದ್ದು. ನೀಲಿ ಬಣ್ಣ ನಾಯಿಗೆ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಹೆದರುವ ಕಾರಣವೇ ಇಲ್ಲ.

ಒಳಗೆ ಬೇಡವೆಂದ ಮೇಲೆ ಎಲ್ಲಿ ಎಂಬುದನ್ನೂ ಮರಿಗೆ ತೋರಿಸಬೇಕಲ್ಲ. ಸುಮಾರು ಎಂಟು ವಾರಕ್ಕೆ ಕಾಲಡಿಯ ಯಾವ ನೆಲ ಉಚ್ಚೆಗೆ ತಕ್ಕದ್ದು ಎಂಬ ಅಭ್ಯಾಸ ಮೂಡತೊಡಗುತ್ತದೆ. ಹಿತ್ತಲ ಮಾಡಿನ ಕೆಳಗೆ, ಇರಚಲು ಬಡಿಯದ ಮೂಲೆಯಲ್ಲಿ ಮರಳು ಹರಡಿ ಮೇಲೊಂದಿಷ್ಟು ಒಣ ದರಕು ಹಾಕಿ. ಒಳಗೆ ಉಚ್ಚೆ ಒರೆಸಿದ ಬಟ್ಟೆಯ ತುಂಡನ್ನು ಅಲ್ಲೇ ಇಡಿ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಟ ಮುಗಿದಾಗ ಮರಿಯನ್ನು ಎತ್ತಿಕೊಂಡು ಹೋಗಿ ಅಲ್ಲಿ ಬಿಡಿ. ಹಗಲಲ್ಲಿ ಎರಡು ತಿಂಗಳ ಮರಿ ಎರಡು ತಾಸು, ಮೂರು ತಿಂಗಳದ್ದು ಮೂರು ತಾಸು ತಡೆಯಬಲ್ಲದು. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ದರಕಿನ ಮೇಲೆ ಹೊಯ್ದ ಕೂಡಲೇ ಒಂದು ಚೂರು ಒಣಮೀನು ಕೊಡಿ, ಉಪ್ಪು ಹಾಕದ್ದು. ಒಳಗೆ ಹೊಯ್ದಿತೆಂದು ಮೂಗು ಉಜ್ಜಿದರೆ ಕಲಿಯುವುದು ಒಂದೇ: ನಿಮಗೆ ಕಾಣದಂತೆ ಮಂಚದಡಿ ಹೋಗಿ ಹೊಯ್ಯುವುದು.

ಇಷ್ಟೆಲ್ಲ ಮಾಡಿದರೂ ಮರಿ ಹತ್ತು ನಿಮಿಷಕ್ಕೊಮ್ಮೆ ಹನಿಹನಿಯಾಗಿ ಹೊಯ್ಯುತ್ತಿದ್ದರೆ, ಹೊಯ್ಯುವಾಗ ಕುಂಯ್‌ಗುಟ್ಟಿದರೆ, ಅದು ಮೂತ್ರದ ಸೋಂಕಿರಬಹುದು. ಕಂಚಿಸಿಪ್ಪೆ ಬದಿಗಿಟ್ಟು ಅವತ್ತೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.