ಯಾರ ಹಕ್ಕಿನ ಸಭೆ?

1976ರ ಅಕ್ಟೋಬರ್ 17ರಂದು ದೆಹಲಿಯಲ್ಲೊಂದು ಸಭೆ ಸೇರಿತ್ತು. ತುರ್ತು ಪರಿಸ್ಥಿತಿಯ ಕಾಲ. ಬಂಧನವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗುವ ಹಕ್ಕು ಬಂಧಿತರಿಗಿಲ್ಲವೆಂದು ಆ ಏಪ್ರಿಲ್‌ನಲ್ಲಷ್ಟೇ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತಿದ್ದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಇತ್ತ ಬೆಂಗಳೂರಿನ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಿದ್ದರು. ಅಂಥ ದಿನಗಳಲ್ಲಿ ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ ಆ ಸಭೆ ನಡೆಯಿತು. ಸರಕಾರವನ್ನು ವಿರೋಧಿಸುವ ಹಕ್ಕೇ ನಾಗರಿಕ ಸ್ವಾತಂತ್ರ್ಯ ಎಂದು ಆಚಾರ್ಯ ಕೃಪಲಾನಿ ಅಲ್ಲಿ ಹೇಳಿದರು. ವಿ.ಎಂ. ತಾರ್ಕುಂಡೆ ಹೊಸ ಸಂಘಟನೆಯ ಅಧ್ಯಕ್ಷರಾದರು.

ಆ ಎದೆಗಾರಿಕೆಗೆ ಸಲಾಂ ಹೇಳಲೇಬೇಕು. ಆದರೆ ಮುಂದಿನದ್ದನ್ನೂ ಮರೆಯಬಾರದು. 1977ರಲ್ಲಿ ಜನತಾ ಪಕ್ಷ ಗೆದ್ದಿತು, ಸಂಘಟನೆ ಸೊರಗಿತು. ನಮ್ಮವರೇ ಗದ್ದುಗೆಯಲ್ಲಿರುವಾಗ ಹಕ್ಕಿನ ಮಾತೇಕೆ ಎಂದುಕೊಂಡರೇನೋ! 1980ರಲ್ಲಿ ಇಂದಿರಾ ಗಾಂಧಿ ಮರಳಿದ ಮೇಲೆಯೇ ಅದು ಪಿಯುಸಿಎಲ್ ಎಂಬ ಹೆಸರಿನಲ್ಲಿ ಮತ್ತೆ ಎದ್ದು ನಿಂತದ್ದು.

ನಮ್ಮ ಊರುಗಳ ಸಭೆಗಳ ಪಾಡೂ ಇದೇ. ನಮ್ಮ ಮೊಹಲ್ಲಾದ ಹುಡುಗ ಜೈಲು ಸೇರಿದರೆ ಸಭಾಂಗಣ ತುಂಬುತ್ತದೆ. ಆದಿವಾಸಿಯೋ, ಪತ್ರಕರ್ತನೋ, ನಮಗೆ ಹಿಡಿಸದ ಮಾತಾಡಿದ ಲೇಖಕಿಯೋ ಬಂಧನಕ್ಕೊಳಗಾದರೆ ಕುರ್ಚಿಗಳು ಖಾಲಿ. ಅಂಥ ಸಭೆಗಳಿಗೆ ನೆಪ ಹೇಳಿ ತಪ್ಪಿಸಿಕೊಂಡವರಲ್ಲಿ ನಾನೂ ಒಬ್ಬ.

ಕನ್ನಡದ ‘ಹಕ್ಕು’ ಅರಬ್ಬಿಯ ‘ಹಖ್’ನಿಂದ ಬಂದ ಪದ. ಉರ್ದುವಿನಲ್ಲಿ ಓದಿದವರಿಗೆ ಗೊತ್ತು, ಅದಕ್ಕೆ ಸತ್ಯವೆಂಬ ಅರ್ಥವೂ ಇದೆ. ಸತ್ಯದಲ್ಲಿ ನಮ್ಮವರದು, ಅವರದು ಎಂಬ ಪಾಲುಂಟೇ? ವೇದಿಕೆಯ ಮೇಲೆ ಯಾರಿದ್ದರು ಎಂದು ಕೇಳುವುದನ್ನು ಬಿಟ್ಟು, ಸಭೆ ಯಾರಿಗಾಗಿ ನಡೆಯಲೇ ಇಲ್ಲ ಎಂದು ಕೇಳಿಕೊಳ್ಳೋಣ.