ತೆಗೆದದ್ದನ್ನು ಮರಳಿ ಹಾಕುವ ದಾರಿ

ಶಾಲೆಯಲ್ಲಿ ಒಂದು ಮಗುವಿನ ತಂಟೆ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೈಮೀರುತ್ತದೆ? ಈ ಪ್ರಶ್ನೆ ಎದುರಾದಾಗಲೆಲ್ಲ ನಾನು ಎರಡು ಕೃತಿಗಳಿಗೆ ಮರಳುತ್ತೇನೆ. ಒಂದು, ತೆತ್ಸುಕೊ ಕುರೊಯಾನಗಿಯವರ, ಕನ್ನಡಕ್ಕೂ ಬಂದಿರುವ ‘ತೊತ್ತೊಚಾನ್’ (1981). ಇನ್ನೊಂದು, ಫ್ರಾನ್ಸ್ವಾ ತ್ರೂಫೋನ ಸಿನಿಮಾ ‘ದಿ ಫೋರ್ ಹಂಡ್ರೆಡ್ ಬ್ಲೋಸ್’ (1959). ಮೊದಲನೆಯದನ್ನು ಮುದ್ದಾದ ಪುಸ್ತಕವೆಂದು ಓದಿ ಬದಿಗಿಡುತ್ತೇವೆ. ಎರಡನೆಯದನ್ನು ಸಿನಿಮಾ ಚರಿತ್ರೆಯ ಪಾಠವೆಂದು ನೋಡುತ್ತೇವೆ. ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಪ್ರಶ್ನಿಸತೊಡಗುತ್ತದೆ.

ತ್ರೂಫೋನ ಹುಡುಗ ಆಂತ್ವಾನ್ ದ್ವಾನೆಲ್‌ನ ಪತನ ಶುರುವಾಗುವುದು ತೀರ ಸಣ್ಣದರಿಂದ. ತರಗತಿಯಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ಒಂದು ಹೆಣ್ಣಿನ ಚಿತ್ರ ಅವನ ಕೈಯಲ್ಲಿದ್ದಾಗ ಮೇಷ್ಟ್ರ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ಅವನು ಗೋಡೆಯ ಮೇಲೆ ಗೀಚುತ್ತಾನೆ. ಅದಕ್ಕೆ ಇನ್ನೊಂದು ಶಿಕ್ಷೆ. ಕೊಟ್ಟ ಬರಹ ಮುಗಿಯಲಿಲ್ಲವೆಂದು ಮರುದಿನ ಶಾಲೆಗೆ ಚಕ್ಕರ್. ಯಾಕೆ ಬರಲಿಲ್ಲ ಎಂದರೆ ಅಮ್ಮ ಸತ್ತಳೆಂಬ ಸುಳ್ಳು. ಸುಳ್ಳು ಬಯಲಾದಾಗ ಇಡೀ ತರಗತಿಯ ಎದುರು ಅಪ್ಪನ ಏಟು. ಕೊನೆಗೆ, ಮೆಚ್ಚಿ ಓದಿದ ಬಾಲ್ಜಾಕ್ ಅವನ ಪ್ರಬಂಧದೊಳಗೆ ಇಳಿದುಬಂದದ್ದಕ್ಕೆ ಕೃತಿಚೌರ್ಯದ ಆರೋಪ.

ಇವತ್ತು ಶಿಕ್ಷಕರ ತರಬೇತಿಯಲ್ಲಿ ಇಂಥ ಬಿಕ್ಕಟ್ಟನ್ನು ಏಳು ಹಂತಗಳಾಗಿ ವಿವರಿಸುವುದುಂಟು: ನೆಮ್ಮದಿ, ಕೆಣಕು, ಚಡಪಡಿಕೆ, ಏರಿಕೆ, ತುತ್ತತುದಿ, ಇಳಿಕೆ, ಚೇತರಿಕೆ. ತುತ್ತತುದಿಯಲ್ಲಿರುವ ಮಗುವಿಗೆ ಯಾವ ಬುದ್ಧಿಮಾತೂ ಕೇಳಿಸುವುದಿಲ್ಲ. ಆಗ ಮಾತು ಕಡಿಮೆ ಮಾಡಿ, ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದಷ್ಟೇ ದೊಡ್ಡವರ ಕೆಲಸ. ನಿಜವಾದ ಕೆಲಸವಿರುವುದು ಅದಕ್ಕಿಂತ ಮುಂಚೆ ಮತ್ತು ಆಮೇಲೆ. ಈ ಕಣ್ಣಿನಿಂದ ನೋಡಿದರೆ ತ್ರೂಫೋನ ಶಾಲೆಯಲ್ಲಿ ‘ಮುಂಚೆ’ಯೂ ಇಲ್ಲ, ‘ಆಮೇಲೆ’ಯೂ ಇಲ್ಲ. ಹುಡುಗ ಒಂದು ಮೆಟ್ಟಿಲು ಹತ್ತಿದರೆ ದೊಡ್ಡವರು ಇನ್ನೊಂದು ಮೆಟ್ಟಿಲು ಕಟ್ಟಿಕೊಡುತ್ತಾರೆ, ಅದೂ ಎಲ್ಲರೆದುರು.

ತೊತ್ತೊಚಾನ್ ಕೂಡ ಮೊದಲ ಶಾಲೆಯಿಂದ ಹೊರಬಿದ್ದವಳೇ. ಡೆಸ್ಕಿನ ಮುಚ್ಚಳವನ್ನು ತೆಗೆದು ಮುಚ್ಚಿ ಸದ್ದು ಮಾಡುವವಳು, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆಯುವವಳು. ಅಲ್ಲಿನ ಟೀಚರಮ್ಮನ ದೂರನ್ನು ಕುರೊಯಾನಗಿ ಚುಟುಕಾಗಿ ಮುಗಿಸುವುದಿಲ್ಲ. ಆಕೆಯ ಸುಸ್ತು ನಮಗೆ ಅರ್ಥವಾಗುವಷ್ಟು ವಿವರವಾಗಿ ಹೇಳುತ್ತಾರೆ. ಪುಸ್ತಕದ ಪ್ರಾಮಾಣಿಕತೆ ಇರುವುದು ಅಲ್ಲಿ.

ತೊಮೊಎ ಶಾಲೆಯ ಹೆಡ್‌ಮಾಸ್ಟರ್ ಕೊಬಯಾಶಿ ಮೊದಲ ದಿನ ನಾಲ್ಕು ಗಂಟೆ ಹೊತ್ತು ಅವಳ ಮಾತು ಕೇಳಿದ್ದನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಪರ್ಸಿನ ಪ್ರಸಂಗ. ಕಕ್ಕಸಿನ ಗುಂಡಿಗೆ ಬಿದ್ದ ಪರ್ಸಿಗಾಗಿ ಅವಳು ಗುಂಡಿಯನ್ನೆಲ್ಲ ತೋಡಿ ಹೊರಗೆ ರಾಶಿ ಹಾಕಿದ್ದಾಳೆ. ಹೆಡ್‌ಮಾಸ್ಟರ್ ನೋಡುತ್ತಾರೆ, ಏನು ಮಾಡುತ್ತಿದ್ದೀ ಎಂದು ವಿಚಾರಿಸುತ್ತಾರೆ, ಮುಗಿದ ಮೇಲೆ ಮರಳಿ ತುಂಬುತ್ತೀಯಲ್ಲ ಎಂದು ಕೇಳಿ ಹೊರಟುಹೋಗುತ್ತಾರೆ. ಪರ್ಸು ಸಿಗುವುದಿಲ್ಲ. ಅವಳು ಎಲ್ಲವನ್ನೂ ಮರಳಿ ತುಂಬುತ್ತಾಳೆ.

ಆಂತ್ವಾನ್ ಸಿಕ್ಕಿಬೀಳುವುದು ಯಾವಾಗ? ಅಪ್ಪನ ಆಫೀಸಿನಿಂದ ಕದ್ದ ಟೈಪ್‌ರೈಟರನ್ನು ಮಾರಲಾಗದೆ, ಅದನ್ನು ಮರಳಿ ಇಡಲು ಹೋದಾಗ. ಅಪ್ಪನೇ ಪೊಲೀಸರಿಗೆ ಒಪ್ಪಿಸುತ್ತಾನೆ. ಇಬ್ಬರು ಮಕ್ಕಳೂ ತೆಗೆದದ್ದನ್ನು ಮರಳಿ ಹಾಕಲು ಹೊರಟವರೇ. ಒಬ್ಬಳಿಗೆ ಆ ದಾರಿ ತೆರೆದಿತ್ತು, ಇನ್ನೊಬ್ಬನಿಗೆ ಅದೇ ಬಲೆಯಾಯಿತು. ಶಿಸ್ತು ಎಂದು ನಾವು ಕರೆಯುವುದರ ಬೆಲೆಯನ್ನು ಇಲ್ಲಿ ಅಳೆಯಬಹುದು: ಶಿಕ್ಷೆ ಎಷ್ಟು ಕಠಿಣ ಎಂಬುದರಿಂದಲ್ಲ, ಮರಳಿ ಬರಲು ಜಾಗ ಉಳಿಸಿತೇ ಎಂಬುದರಿಂದ.

ಆಕ್ಷೇಪವೂ ಇದೆ. ತೊಮೊಎಯಲ್ಲಿ ಇದ್ದದ್ದು ಸುಮಾರು ಐವತ್ತು ಮಕ್ಕಳು. ನಮ್ಮಲ್ಲಿ ಒಂದೇ ಕೊಠಡಿಯಲ್ಲಿ ಅಷ್ಟು ಮಕ್ಕಳಿರುತ್ತಾರೆ. ಅದೂ ಅಲ್ಲದೆ, ತೊತ್ತೊಚಾನ್ ಕುತೂಹಲದ ಮಗು. ಕುರ್ಚಿ ಎಸೆಯುವ, ಪಕ್ಕದವನನ್ನು ಕಚ್ಚುವ ಮಗುವಿನ ಮುಂದೆ ಈ ಪುಸ್ತಕ ಮೌನವಾಗುತ್ತದೆ. ಅದು ಅದರ ನಿಜವಾದ ಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಬೆತ್ತ ಕೆಳಗಿಟ್ಟ ಕೈಗೆ ಬೇರೇನು ಕೊಡಬೇಕು ಎಂಬ ಪ್ರಶ್ನೆಗೆ ನಿಷೇಧವೊಂದೇ ಉತ್ತರವಾಗದು. ಮೇಷ್ಟ್ರು ಒಂಟಿಯಾಗಿದ್ದರೆ ತಾಳ್ಮೆಗೂ ಒಂದು ಕೊನೆ ಇರುತ್ತದೆ.

ಹಾಗಿದ್ದೂ, ಪರ್ಸಿನ ಪ್ರಸಂಗಕ್ಕೆ ಬೇಕಾದದ್ದು ನಾಲ್ಕು ಗಂಟೆಯಲ್ಲ, ಎರಡು ಪ್ರಶ್ನೆ. ಇನ್ನೊಂದು ಪ್ರಸಂಗವಿದೆ. ದೇಹ ಬೆಳೆಯದ ಹುಡುಗ ತಕಹಾಶಿಗೆ ನಿನಗೆ ಬಾಲವಿದೆಯೇ ಎಂದು ಟೀಚರ್ ತಮಾಷೆಯಾಗಿ ಕೇಳಿಬಿಡುತ್ತಾರೆ. ಕೊಬಯಾಶಿ ಆಕೆಯನ್ನು ಕಟುವಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಆದರೆ ಮಕ್ಕಳೆದುರಿಗಲ್ಲ, ಅಡುಗೆಮನೆಯಲ್ಲಿ. ಮಕ್ಕಳಿಗೆ ಕೊಡುವ ಮರ್ಯಾದೆಯನ್ನು ಅವರು ಟೀಚರಿಗೂ ಉಳಿಸುತ್ತಾರೆ. ಮೇಷ್ಟ್ರಿಗೇ ಮರಳಿ ಬರುವ ದಾರಿ ಇಲ್ಲದ ಶಾಲೆಯಲ್ಲಿ ಮಗುವಿಗೆ ಅದು ಎಲ್ಲಿಂದ ಸಿಗಬೇಕು? ತ್ರೂಫೋನ ಸಿನಿಮಾ ಸಮುದ್ರದಂಚಿನಲ್ಲಿ ನಿಂತು ನಮ್ಮತ್ತ ತಿರುಗುವ ಹುಡುಗನ ಮುಖದ ಮೇಲೆ ಸ್ತಬ್ಧವಾಗುತ್ತದೆ. ಅವನಿಗೆ ಮುಂದೆ ನೀರು, ಹಿಂದೆ ಓಡಿಬಂದ ಸುಧಾರಣಾಗೃಹ. ಬಿ.ಎಡ್. ಓದುತ್ತಿರುವ ಗೆಳೆಯರು ಈ ಎರಡನ್ನೂ ಒಂದೇ ವಾರದಲ್ಲಿ ಓದಲಿ, ನೋಡಲಿ ಎಂಬುದು ನನ್ನಾಸೆ.